ಬಿಸಿಲಿಗೆ ಹಾಕಿದ ಪಟ್ಟಿಗಳು

ಜಾಬ್ರೆಗ್,
೨೭ ಮೇ ೧೯೯೬

ಪ್ರೀತಿಯ ಅಲ್ಬೀನಾ ಚಿಕ್ಕಮ್ಮನವರಿಗೆ,

ಕುಶಲ ವಿಚಾರಿಸುವ ಸೌಜನ್ಯವನ್ನು ಈ ಸಲ ಕೊನೆಗೆ ಇಟ್ಟುಕೊಳ್ಳುತ್ತೇನೆ, ಕ್ಷಮಿಸಿ. ಅಕ್ಷರ ಓರೆಯಾಗಿದ್ದರೆ ಅದಕ್ಕೆ ಕಾರಣ ವಯಸ್ಸಲ್ಲ, ಕೋಪ.

ಮೊನ್ನೆ ಶನಿವಾರ ನಿವೃತ್ತ ಶಿಕ್ಷಕರ ಸಂಘದವರು ಇಪ್ಪತ್ತಮೂರು ಜನ ಯುದ್ಧಕಾಲದಲ್ಲಿ ಜರ್ಮನರಿಗೆ ತಿಳಿಯದಂತೆ ಗುಟ್ಟಾಗಿ ನಡೆಸಿದ, ಈಗ ವಸ್ತುಸಂಗ್ರಹಾಲಯವಾಗಿರುವ ನಮ್ಮ ಕಮರಿಯ ಆಸ್ಪತ್ರೆಯನ್ನು ನೋಡಲು ಬಂದರು. ನಾನೂ ಜೊತೆಗೆ ಹೋದೆ. ಆ ಕಮರಿಯ ಬಾಯಿಯಲ್ಲಿರುವ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆದರೂ ಮೂವತ್ತೆಂಟು ವರ್ಷ ಗೊರಿತ್ಸಾದಲ್ಲಿ ಪಾಠ ಹೇಳಿ ಊರಿಗೆ ಮರಳಿದ ಮೇಲೂ ಅತ್ತ ಹೆಜ್ಜೆ ಹಾಕಿರಲಿಲ್ಲ. ಅಮ್ಮ ಹೋಗುವುದಿಲ್ಲ, ಆದ್ದರಿಂದ ನಾನೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಆ ವಿಷಯಕ್ಕೆ ಬಾಗಿಲಿಲ್ಲ.

ಮಾರ್ಗದರ್ಶಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮರದ ಗುಡಿಸಲುಗಳನ್ನು ಒಂದೊಂದಾಗಿ ತೋರಿಸುತ್ತ, ಗಾಯಾಳುಗಳ ಕಣ್ಣಿಗೆ ಬಟ್ಟೆ ಕಟ್ಟಿ ತರುತ್ತಿದ್ದದ್ದು, ಹೆಜ್ಜೆಗುರುತು ಉಳಿಯದಂತೆ ಹೊರೆಯಾಳುಗಳು ಸೊಂಟದ ತನಕ ಹೊಳೆಯ ನೀರಿನಲ್ಲೇ ನಡೆಯುತ್ತಿದ್ದದ್ದು, ಎಲ್ಲವನ್ನೂ ಚೆನ್ನಾಗಿಯೇ ಹೇಳಿದಳು. ರಕ್ತ ಹತ್ತಿದ ಗಾಯದ ಪಟ್ಟಿಗಳನ್ನು ಕೆಳಗಿನ ಮನೆಗೆ ಕಳುಹಿಸಿ, ಒಗೆಸಿ, ಕುದಿಸಿ, ಅಟ್ಟದ ಮೇಲೆ ಹುಲ್ಲಿನ ಮರೆಯಲ್ಲಿ ಮಾತ್ರ ಒಣಗಿಸಬೇಕೆಂಬ ಕಟ್ಟಳೆಯನ್ನೂ ಹೇಳಿದಳು. ಆಮೇಲೆ ಧ್ವನಿ ಬದಲಿಸಿ, ಮದುವೆಮನೆಯಲ್ಲಿ ಚೇಷ್ಟೆ ಮಾಡುವವರ ಹಾಗೆ, "ಇಷ್ಟೆಲ್ಲ ಎಚ್ಚರಿಕೆ ಇದ್ರೂ ಕೊನೆಗೇನಾಯ್ತು ಗೊತ್ತಾ? ಕೆಳಗಿನ ಮನೆಯ ಯಜಮಾನಿಗೆ ಬಟ್ಟೆ ಒಣಗಿಸೋ ಅವಸರ!" ಎಂದಳು.

ಎಲ್ಲರೂ ನಕ್ಕರು. ನಮ್ಮ ಗಣಿತದ ಸ್ತಾನೆ ಮೇಷ್ಟ್ರು, "ಹೆಂಗಸ್ರಿಗೆ ಒಂದು ಚೂರು ಬಿಸಿಲು ಕಂಡ್ರೆ ಸಾಕಪ್ಪ, ಹಗ್ಗ ಹುಡುಕ್ತಾರೆ" ಎಂದು ಸೇರಿಸಿದರು.

ನಾನು ಮುಂದೆ ಬಂದು ನಿಂತು ಹೇಳಿದೆ: "ಆ ಯಜಮಾನಿ ನಮ್ಮಮ್ಮ. ಎಂಬತ್ತೆರಡು ವರ್ಷ. ಬದುಕಿದ್ದಾರೆ. ಈಗ ಅಡುಗೆಮನೇಲಿ ಆಲೂಗಡ್ಡೆ ಸಿಪ್ಪೆ ತೆಗೀತಾ ಕೂತಿದ್ದಾರೆ. ಅರ್ಧ ಗಂಟೆ ದಾರಿ. ನಡೀರಿ ಎಲ್ಲರೂ, ಅವರೆದುರಿಗೇ ನಗಿ."

ಯಾರೂ ನಡೆಯಲಿಲ್ಲ. ಆ ಹುಡುಗಿ ಮುಖ ಕೆಂಪಗೆ ಮಾಡಿಕೊಂಡು, "ನಾನೇನ್ ಮಾಡ್ಲಿ ಮೇಡಂ, ಹಲಗೆ ಮೇಲೆ ಹಾಗೇ ಬರ್ದಿದೆ" ಎಂದಳು. ಬರೆದಿರುವುದು ನಿಜ. ಈ ವಸಂತದಲ್ಲಿ ಹಾಕಿದ ಹೊಸ ಹಲಗೆ. ನಕಲು ಮಾಡಿಕೊಂಡು ಬಂದಿದ್ದೇನೆ: "ಮಾರ್ಚ್ ೧೯೪೪ರಲ್ಲಿ, ಕಮರಿಯ ಬಾಯಿಯಲ್ಲಿದ್ದ ಮನೆಯ ಗೃಹಿಣಿಯ ಅಜಾಗರೂಕತೆಯಿಂದಾಗಿ, ಬಿಸಿಲಿಗೆ ಹಾಕಿದ್ದ ಗಾಯದ ಪಟ್ಟಿಗಳು ಶತ್ರುಗಳ ಗಸ್ತುಪಡೆಯ ಕಣ್ಣಿಗೆ ಬಿದ್ದವು. ಇಬ್ಬರು ಹೊರೆಯಾಳುಗಳು ಪ್ರಾಣ ತೆತ್ತರು."

ಇಷ್ಟೇ. ಆ ಗೃಹಿಣಿಯನ್ನು ಅಂಗಳದಲ್ಲಿ ಮಂಡಿಯೂರಿಸಿ ಜರ್ಮನರು ಮಧ್ಯಾಹ್ನದವರೆಗೆ ಹೊಡೆದದ್ದು ಅದರಲ್ಲಿಲ್ಲ. ಬಂದೂಕಿನ ಹಿಡಿಯ ಪೆಟ್ಟಿಗೆ ಆಕೆಯ ಎಡಗಿವಿ ಹೋದದ್ದು, ಹುಲ್ಲಿನ ಕೊಟ್ಟಿಗೆಗೆ ಬೆಂಕಿಯಿಟ್ಟದ್ದು, ಇಷ್ಟಾದರೂ "ನನ್ನ ಮಗಳಿಗೆ ಮೈಯೆಲ್ಲ ಹುಣ್ಣು, ಅದರ ಪಟ್ಟಿ" ಎಂಬ ಒಂದೇ ಸುಳ್ಳನ್ನು ಬಿಡದೆ ಹಿಡಿದು ಇಡೀ ಆಸ್ಪತ್ರೆಯನ್ನು ಆಕೆ ಉಳಿಸಿದ್ದು ಅದರಲ್ಲಿಲ್ಲ. ಆ ಮಗಳು ನಾನು. ಒಂಬತ್ತು ವರ್ಷದವಳು. ಕಿಟಕಿಯಿಂದ ನೋಡಿದ್ದೇನೆ.

ಊರ ಬಾಯಿಗೆ ನಾವು ಐವತ್ತು ವರ್ಷ ಒಗ್ಗಿಕೊಂಡೆವು. ಅಂಗಡಿಯಲ್ಲಿ ಅಮ್ಮ ಬಂದರೆ ಮಾತು ನಿಲ್ಲುತ್ತಿತ್ತು. ಸತ್ತವರಲ್ಲಿ ಒಬ್ಬನಾದ ತ್ಸಿರಿಲ್‌ನ ಹೆಂಡತಿ ತೊಂಚ್ಕಾ ರೇಯೆತ್ಸ್ ಪಕ್ಕದ ಹೊಲದವಳು. ಅಂದಿನಿಂದ ಅಮ್ಮನೊಡನೆ ಒಂದು ಮಾತು ಆಡಿಲ್ಲ. ಆದರೆ ಊರ ಬಾಯಿ ಬೇರೆ, ವಸ್ತುಸಂಗ್ರಹಾಲಯದ ಹಲಗೆ ಬೇರೆ. ಬಾಯಿ ಒಂದು ದಿನ ಮಣ್ಣು ಸೇರುತ್ತದೆ, ಹಲಗೆ ಮಕ್ಕಳಿಗೆ ಪಾಠ ಹೇಳುತ್ತದೆ.

ಅಮ್ಮ ಅಜಾಗರೂಕಳಾಗಿರಲು ಸಾಧ್ಯವೇ ಇಲ್ಲ. ಬೆಂಕಿಕಡ್ಡಿಯನ್ನು ಗೀಚಿದ ಮೇಲೆ ನೀರಿನಲ್ಲಿ ಅದ್ದಿ ಎಸೆಯುವ ಹೆಂಗಸು ಅವರು. ಆಗ ಆ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ಪಟ್ಟಿಗಳ ಬುಟ್ಟಿ ಹೊತ್ತು ನಮ್ಮ ಮನೆಗೆ ಬಂದುಹೋಗುತ್ತಿದ್ದವರು ನೀವು. ಅಮ್ಮನನ್ನು ಬಿಟ್ಟರೆ ಈಗ ಉಳಿದಿರುವ ಸಾಕ್ಷಿ ನೀವೊಬ್ಬರೇ. ಸಂಗ್ರಹಾಲಯದ ಮೇಲ್ವಿಚಾರಕ ದಾಮಿಯಾನ್ ಲಹಾಯ್ನರ್ ನನ್ನ ಹಳೆಯ ವಿದ್ಯಾರ್ಥಿ. ಅವನಿಗೂ ಇಂದೇ ಬರೆಯುತ್ತಿದ್ದೇನೆ. ನಿಮ್ಮದೊಂದು ಮಾತು ಸಾಕು, ಹಲಗೆ ಇಳಿಯುತ್ತದೆ. ಅಮ್ಮ ಕಣ್ಣು ಮುಚ್ಚುವ ಮೊದಲು ಇಳಿಯಬೇಕು.

ನಿಮ್ಮ ಮಂಡಿನೋವು ಹೇಗಿದೆ?

ನಿಮ್ಮ ಮಗಳಂತಿರುವ,
ಪಾವ್ಲಾ ಮಾಕುತ್ಸ್


ಲ್ಯುಬ್ಲ್ಯಾನಾ,
೧೯ ಜೂನ್ ೧೯೯೬

ಪ್ರಿಯ ಪಾವ್ಲಾ,

ನಿನ್ನ ಕಾಗದ ತಲುಪಿ ಬಹಳ ದಿನವಾಯಿತು. ಮಂಡಿ ಹಾಗೆಯೇ ಇದೆ. ನಾಲ್ಕನೆಯ ಮಹಡಿ, ಲಿಫ್ಟ್ ಕೆಟ್ಟಿದೆ, ಪೇಟೆಗೆ ಇಳಿಯುವುದು ವಾರಕ್ಕೊಮ್ಮೆ.

ಅದು ಹಳೆಯ ಮಾತು ಮಗಳೇ. ಹಲಗೆ ಬರೆಯುವವರು ಏನೇನೋ ಬರೆಯುತ್ತಾರೆ. ನಿನ್ನ ತಾಯಿ ಏನೆಂದು ಬಲ್ಲವರು ಬಲ್ಲರು. ಈಗ ಅದನ್ನು ಕೆದಕಿದರೆ ಅವರಿಗೇ ನೋವು ಹೆಚ್ಚು. ಬಿಟ್ಟುಬಿಡು ಎಂದು ನಿನಗಿಂತ ಹಿರಿಯಳಾಗಿ ಹೇಳುತ್ತೇನೆ.

ಜ್ಯಾಮ್ ಮಾಡಲು ಈ ವರ್ಷ ಏಪ್ರಿಕಾಟ್ ಚೆನ್ನಾಗಿ ಬಂದಿದೆಯಂತೆ. ಯಾರಾದರೂ ಆ ಕಡೆ ಬರುವವರಿದ್ದರೆ ನಿಮಗೆ ಎರಡು ಸೀಸೆ ಕಳುಹಿಸುತ್ತೇನೆ.

ಆಶೀರ್ವಾದಗಳೊಂದಿಗೆ,
ಅಲ್ಬೀನಾ ತೂಶರ್


೮ ಜುಲೈ ೧೯೯೬

ಮಾನ್ಯ ಪಾವ್ಲಾ ಟೀಚರ್ ಅವರಿಗೆ,

ತಮ್ಮ ಮೂರು ಪತ್ರಗಳೂ ಬಂದಿವೆ. ಮೂರನೆಯದರಲ್ಲಿ ನನ್ನನ್ನು "ಓದದೇ ಪಾಸಾದವನು" ಎಂದು ಬರೆದಿದ್ದೀರಿ. ತಮ್ಮ ತರಗತಿಯಲ್ಲಿ ಓದದೇ ಪಾಸಾದವರು ಯಾರೂ ಇರಲಿಲ್ಲ ಎಂಬುದು ತಮಗೂ ಗೊತ್ತು, ನನಗೂ ಗೊತ್ತು.

ಆರನೆಯ ತರಗತಿಯಲ್ಲಿ ನಾನು ಏನೋ ಒಂದು ಇಸವಿ ಹೇಳಿದಾಗ ತಾವು, "ಆಧಾರ ಎಲ್ಲಿದೆ? ಆಧಾರ ತರೋವರೆಗೂ ನಿಂತಿರು" ಎಂದು ಗಂಟೆ ಹೊಡೆಯುವ ತನಕ ನಿಲ್ಲಿಸಿದ್ದಿರಿ. ಅಂದಿನಿಂದ ನಾನು ಆಧಾರವಿಲ್ಲದೆ ಒಂದು ಸಾಲನ್ನೂ ಬರೆಯುವುದಿಲ್ಲ, ಟೀಚರ್. ಹಲಗೆಯ ಆ ಸಾಲಿಗೂ ಆಧಾರವಿದೆ. ಹಳೆಯ ಯೋಧರ ಸಮಿತಿಗೆ ೧೯೫೧ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಹೇಳಿಕೆ, ಕೈಬರಹ, ಸಹಿ ಸಹಿತ. "ಘಟನೆಗೆ ಕಾರಣ?" ಎಂಬ ಪ್ರಶ್ನೆಯ ಎದುರಿಗೆ "ಗೃಹಿಣಿಯ ಅಜಾಗರೂಕತೆ" ಎಂಬ ಎರಡೇ ಪದ.

ನಕಲನ್ನು ಲಗತ್ತಿಸಿದ್ದೇನೆ. ಕಳುಹಿಸಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಆ ಕೈಬರಹ ತಮಗೆ ಪರಿಚಿತವಿರಬಹುದು.

ಮಾರ್ಗದರ್ಶಿಗೆ ಆ ಹಾಸ್ಯವನ್ನು ನಿಲ್ಲಿಸಲು ಹೇಳಿದ್ದೇನೆ. ಹಲಗೆಯನ್ನು ತಿದ್ದಲು ಮಾತ್ರ ಹೇಳಿಕೆ ಕೊಟ್ಟವರೇ ತಮ್ಮ ಹೇಳಿಕೆಯನ್ನು ತಿದ್ದಬೇಕು.

ವಿಧೇಯ,
ದಾಮಿಯಾನ್ ಲಹಾಯ್ನರ್


ಜಾಬ್ರೆಗ್,
೧೨ ಜುಲೈ ೧೯೯೬

ಶ್ರೀಮತಿ ಅಲ್ಬೀನಾ ತೂಶರ್ ಅವರಿಗೆ,

ಚಿಕ್ಕಮ್ಮ ಎಂದು ಬರೆಯಲು ಹೊರಟು ಎರಡು ಹಾಳೆ ಹರಿದೆ.

ನಿಮ್ಮ ಕೈಬರಹ ನನಗೆ ಪರಿಚಿತ. ಪ್ರತಿ ಹೊಸವರ್ಷಕ್ಕೆ ಬರುವ ಕಾರ್ಡುಗಳಲ್ಲಿ, ಚರ್ಚಿನಲ್ಲಿ ನನ್ನ ದೃಢೀಕರಣ ಸಂಸ್ಕಾರವಾದ ದಿನ ಕೊಟ್ಟ ಪ್ರಾರ್ಥನಾಪುಸ್ತಕದ ಮೊದಲ ಪುಟದಲ್ಲಿ, ಶಿಕ್ಷಕಿಯರ ತರಬೇತಿ ಶಾಲೆಗೆ ನನ್ನನ್ನು ಸೇರಿಸಲು ಬರೆದ ಶಿಫಾರಸಿನಲ್ಲಿ ನೋಡಿದ್ದೇನೆ. ಆ ಶಿಫಾರಸಿನ ತಾರೀಖನ್ನೂ ಇವತ್ತು ತೆಗೆದು ನೋಡಿದೆ. ೧೯೫೧ರ ಸೆಪ್ಟೆಂಬರ್. ಒಂದೇ ಶಾಯಿ ಇರಬೇಕು.

ನಾನು ಅದನ್ನು ಪ್ರೀತಿ ಎಂದು ತಿಳಿದಿದ್ದೆ. ರಕ್ತಸಂಬಂಧವಿಲ್ಲದಿದ್ದರೂ ಬೇರೆ ಮಕ್ಕಳಿಗೆ ಇಲ್ಲದ ಚಿಕ್ಕಮ್ಮ ನನಗೊಬ್ಬರಿದ್ದಾರೆ, ರಾಜಧಾನಿಯಲ್ಲಿ, ಬಿಳಿಯ ಸಮವಸ್ತ್ರದಲ್ಲಿ, ಎಂದು ಹೆಮ್ಮೆಪಟ್ಟಿದ್ದೆ. ನನ್ನ ಮೂವತ್ತೆಂಟು ವರ್ಷದ ಪಾಠವೆಲ್ಲ ನಿಮ್ಮ ಪಶ್ಚಾತ್ತಾಪದ ಮೇಲೆ ನಿಂತಿತ್ತೆಂದು ಈಗ ತಿಳಿಯುತ್ತಿದೆ. ನನಗೆ ಕೊಟ್ಟು ಅಮ್ಮನಿಂದ ಕಿತ್ತುಕೊಂಡಿರಿ.

ಹೆಸರು ಬರೆದಿಲ್ಲವಲ್ಲ ಎಂದು ನೀವು ಹೇಳಬಹುದು. ಕಮರಿಯ ಬಾಯಿಯಲ್ಲಿ ಇರುವುದೇ ಒಂದು ಮನೆ. ಅಲ್ಲಿ ಹೆಸರು ಬೇಕಿಲ್ಲ.

ಪ್ರತಿ ಅಕ್ಟೋಬರ್‌ನ ಆಸ್ಪತ್ರೆಯಲ್ಲಿ ನಡೆಯುವ ಸ್ಮರಣೆಯ ಸಭೆಗೆ ನೀವು ಬರುತ್ತಿದ್ದಿರಿ. ವೇದಿಕೆಯ ಮೇಲೆ ಹೂಗುಚ್ಛ ಹಿಡಿದು, "ನಮ್ಮ ಬೆಟ್ಟದ ಹೆಂಗಸರ ಮೌನ ತ್ಯಾಗ" ಎಂದು ಮಾತನಾಡುತ್ತಿದ್ದಿರೆಂದು ಪತ್ರಿಕೆಯಲ್ಲಿ ಓದುತ್ತಿದ್ದೆ. ಅಲ್ಲಿಂದ ನಮ್ಮ ಮನೆ ಅರ್ಧ ಗಂಟೆ. ಒಮ್ಮೆಯಾದರೂ ಇಳಿದು ಬಂದಿರಾ? ನಾನು ಪತ್ರ ಬರೆದು ಕರೆದಾಗಲೆಲ್ಲ ನಿಮ್ಮ ಬಸ್ಸು ಹೊರಡುವ ಹೊತ್ತಾಗುತ್ತಿತ್ತು. ಬಸ್ಸಿನ ವೇಳಾಪಟ್ಟಿಯೂ ನಿಮ್ಮ ಕೈಬರಹದಲ್ಲೇ ಇತ್ತೋ ಏನೋ.

ನನಗೆ ಬೇಕಾದದ್ದು ಕ್ಷಮಾಪಣೆಯಲ್ಲ. ಅಂದು ಏನು ನಡೆಯಿತು, ಪಟ್ಟಿಗಳು ಬಿಸಿಲಿಗೆ ಏಕೆ ಬಂದವು, ಇಷ್ಟನ್ನು ಬರೆದು ದಾಮಿಯಾನನಿಗೆ ಕಳುಹಿಸಿ. ಏಪ್ರಿಕಾಟಿನ ಜ್ಯಾಮ್ ಬೇಡ.

ಪಾವ್ಲಾ ಮಾಕುತ್ಸ್,
ಯುಸ್ತಿನಾ ಮಾಕುತ್ಸ್‌ರ ಮಗಳು


ಜಾಬ್ರೆಗ್,
೨೩ ಆಗಸ್ಟ್ ೧೯೯೬

ಶ್ರೀಮತಿ ತೂಶರ್ ಅವರಿಗೆ,

ಆರು ವಾರಗಳಾದವು. ಉತ್ತರ ಕೊಡದ ವಿದ್ಯಾರ್ಥಿಯನ್ನು ನಾನು ಎಂದೂ ದಡ್ಡನೆಂದು ಬಗೆದವಳಲ್ಲ. ಉತ್ತರ ಗೊತ್ತಿರುವುದರಿಂದಲೇ ಅವನು ಸುಮ್ಮನಿರುತ್ತಾನೆ.

ಮುಂದಿನ ತಿಂಗಳು ನಾನೇ ನಾಲ್ಕನೆಯ ಮಹಡಿಗೆ ಹತ್ತಿ ಬರುತ್ತೇನೆ. ನನ್ನ ಮಂಡಿಗಳು ಚೆನ್ನಾಗಿವೆ.

ಪಾವ್ಲಾ ಮಾಕುತ್ಸ್


ಲ್ಯುಬ್ಲ್ಯಾನಾ,
೧೦ ಸೆಪ್ಟೆಂಬರ್ ೧೯೯೬

ಪಾವ್ಲಾ,

ಬರಬೇಡ. ಬರೆಯುತ್ತಿದ್ದೇನೆ. ಇದೇ ಮಾತನ್ನು ದಾಮಿಯಾನನಿಗೂ ಕಳುಹಿಸಿದ್ದೇನೆ.

ಆ ವರ್ಷ ಫೆಬ್ರವರಿಯ ಕೊನೆಯಿಂದ ಹಿಮಮಳೆ ಒಂದೇ ಸಮನೆ ಸುರಿಯಿತು. ನಿಮ್ಮ ಅಟ್ಟದ ಮೇಲೆ ಪಟ್ಟಿಗಳು ಐದು ದಿನವಾದರೂ ಒಣಗುತ್ತಿರಲಿಲ್ಲ, ಬೂಷ್ಟು ಹಿಡಿಯುತ್ತಿತ್ತು. ಆಸ್ಪತ್ರೆಯ ಕೆಳಗಿನ ಗುಡಿಸಲಿನಲ್ಲಿ ಹದಿನಾಲ್ಕು ಗಾಯಾಳುಗಳು. ಒದ್ದೆ ಪಟ್ಟಿ ಕಟ್ಟಿದ ಗಾಯ ಕೊಳೆಯುತ್ತದೆ. ಒಂದು ವಾರದಲ್ಲಿ ಮೂವರನ್ನು ಕಳೆದುಕೊಂಡೆವು, ಮೂವರೂ ಕೊಳೆತು ಸತ್ತರು. ನನಗೆ ಇಪ್ಪತ್ತೆರಡು ವರ್ಷ. ಆ ವಾಸನೆಯನ್ನು ನಾನು ನಿನಗೆ ಬರೆಯಲಾರೆ.

ಮಾರ್ಚ್ ಹದಿನೈದರ ಬೆಳಿಗ್ಗೆ ಮೊದಲ ಬಾರಿಗೆ ಬಿಸಿಲು ಬಂತು. ಹೊರಗೆ ಒಣಗಿಸಕೂಡದೆಂಬುದು ವೈದ್ಯರ ಕಟ್ಟಪ್ಪಣೆ. ಅವರು ಶಸ್ತ್ರಕ್ರಿಯೆಯಲ್ಲಿದ್ದರು. ಅವರನ್ನು ಕೇಳಿದರೆ ಬೇಡವೆನ್ನುತ್ತಾರೆಂದು ನಾನು ಕೇಳಲಿಲ್ಲ. ಹೊಳೆಯಲ್ಲಿ ಇಳಿದು ನಿಮ್ಮ ಮನೆಗೆ ಬಂದೆ. "ಯುಸ್ತಿನಾ, ಇವತ್ತು ಬಿಸಿಲಿಗೆ ಹಾಕು. ಎರಡೇ ಗಂಟೆ. ಯಾರಾದ್ರೂ ಕೇಳಿದ್ರೆ ಅಲ್ಬೀನಾ ಹೇಳಿದ್ಲು ಅನ್ನು" ಎಂದೆ. ನಿನ್ನ ತಾಯಿ ನನ್ನನ್ನು ನೋಡಲಿಲ್ಲ, ರಸ್ತೆಯ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹಗ್ಗ ತಂದರು.

ಒಣಗಿದ ಮೊದಲ ಬುಟ್ಟಿಯನ್ನು ನಾನೇ ಮೇಲಕ್ಕೆ ಹೊತ್ತೆ. ಎರಡನೆಯದನ್ನು ತರಲು ತ್ಸಿರಿಲ್ ರೇಯೆತ್ಸ್ ಮತ್ತು ವೀಕ್ತೋರ್ ಓಬಿದ್ ಇಳಿದಾಗ ಗಸ್ತು ಅಂಗಳದಲ್ಲಿತ್ತು. ಅವರಿಬ್ಬರೂ ಹೊಳೆಗೆ ಹಿಂತಿರುಗಲಿಲ್ಲ. ಕಮರಿಗೆ ಬೆನ್ನು ಹಾಕಿ ಬಯಲಿನ ಕಡೆಗೆ ಓಡಿದರು, ಜರ್ಮನರು ಅತ್ತಲೇ ಹೋಗಲೆಂದು.

ಹದಿನಾಲ್ಕರಲ್ಲಿ ಹನ್ನೊಂದು ಜನ ಬದುಕಿದರು. ಆ ಒಂದು ಬುಟ್ಟಿಯಿಂದ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ನನಗೆ ಗೊತ್ತು.

೧೯೫೧ರಲ್ಲಿ ಸಮಿತಿಯವರು ಕಾರಣ ಕೇಳಿದರು. ಆ ವರ್ಷಗಳಲ್ಲಿ ಇದಕ್ಕಿಂತ ಸಣ್ಣ ತಪ್ಪಿಗೆ ಪೊಲೀಸರು ಮನೆಯಿಂದ ಕರೆದೊಯ್ದವರು ಹಿಂತಿರುಗುತ್ತಿರಲಿಲ್ಲ. ನನ್ನ ಮಗು ಎಂಟು ತಿಂಗಳದ್ದು. ಹಳ್ಳಿಯ ವಿಧವೆಯನ್ನು ಯಾರು ಏನು ಮಾಡಿಯಾರು ಎಂದುಕೊಂಡೆ. ಯಾರೂ ಏನೂ ಮಾಡಲಿಲ್ಲ. ಮೊದಲೇ ಬಿಟ್ಟಿದ್ದ ಮಾತನ್ನು ಮತ್ತೆ ಆಡಲಿಲ್ಲ ಅಷ್ಟೆ. ಅದು ಅಷ್ಟೆ ಅಲ್ಲವೆಂದು ನನಗೆ ಪ್ರತಿ ಅಕ್ಟೋಬರ್‌ನಲ್ಲೂ ತಿಳಿಯುತ್ತಿತ್ತು.

ನೀನು ಬೈದದ್ದು ಕಡಿಮೆಯಾಯಿತು.

ಅಲ್ಬೀನಾ


ಜಾಬ್ರೆಗ್,
೨೦ ಸೆಪ್ಟೆಂಬರ್ ೧೯೯೬

ಪ್ರಿಯ ದಾಮಿಯಾನ್,

ಆಧಾರ ಬಂದಿದೆ. ಈಗ ಕುಳಿತುಕೋ.

ಹೊಸ ಹಲಗೆಯ ಮಾತುಗಳನ್ನು ನಾನೇ ಬರೆದಿದ್ದೇನೆ: "ಆಸ್ಪತ್ರೆಯ ದಾದಿಯ ಆಜ್ಞೆಯಂತೆ ಪಟ್ಟಿಗಳನ್ನು ಬಿಸಿಲಿಗೆ ಹಾಕಲಾಯಿತು. ಗೃಹಿಣಿ ಯುಸ್ತಿನಾ ಮಾಕುತ್ಸ್ ಇದರಲ್ಲಿ ಸಂಪೂರ್ಣ ನಿರಪರಾಧಿ." ಒಂದು ಅಕ್ಷರವನ್ನೂ ಬದಲಿಸಬೇಡ. ಅಕ್ಟೋಬರ್ ಹನ್ನೆರಡರ ಸಭೆಗೆ ಮೊದಲೇ ಅದು ಗೋಡೆಯ ಮೇಲಿರಬೇಕು. ಅಮ್ಮನನ್ನು ನಾನು ಕೈಹಿಡಿದು ಕರೆತರುತ್ತೇನೆ.

ಅಲ್ಬೀನಾರ ಪತ್ರವನ್ನು ನಿನ್ನೆ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮ ಅತ್ತಾರೆಂದು ಕರವಸ್ತ್ರ ಮಡಿಸಿ ಇಟ್ಟುಕೊಂಡಿದ್ದೆ. ಅವರು ಎದ್ದು ಹಿತ್ತಲಿಗೆ ಹೋಗಿ ಒಂದು ಸಾಲು ಎಲೆಕೋಸು ಕಡಿದರು. ಇನ್ನೂ ಎರಡು ವಾರ ಬಿಟ್ಟು ಕಡಿಯಬೇಕಾದವು. ಸಂಜೆ ಮೆಕ್ಕೆಜೋಳದ ಮುದ್ದೆ ತಿರುವುತ್ತ, "ಯಾರು ಕೇಳಿದ್ರೇ ನಿನ್ನ?" ಎಂದರು. ಅಷ್ಟೇ ಮಾತು. ವಯಸ್ಸಾದವರಿಗೆ ಸಂತೋಷವೂ ಆಘಾತವೇ. ಎರಡು ದಿನ ಹೋದರೆ ಸರಿಯಾಗುತ್ತಾರೆ.

ನಿನ್ನ ಟೀಚರ್,
ಪಾವ್ಲಾ ಮಾಕುತ್ಸ್


ಜಾಬ್ರೆಗ್,
೬ ಅಕ್ಟೋಬರ್ ೧೯೯೬

ಅಲ್ಬೀನಾ,

ಇದನ್ನು ನಾನೇ ಬರೆಯುತ್ತಿದ್ದೇನೆ. ಮಗಳಿಗೆ ಕೊಟ್ಟರೆ ತಿದ್ದುತ್ತಾಳೆ. ನಾನು ಶಾಲೆಗೆ ಹೋದಾಗ ಇಲ್ಲಿ ಆಳುತ್ತಿದ್ದ ಇಟಲಿಯವರು ನಮ್ಮ ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು, ಆದ್ದರಿಂದ ನನ್ನ ಅಕ್ಷರ ಹೀಗೇ ಇರುತ್ತದೆ. ಅರ್ಥವಾಗದಿದ್ದರೆ ಮತ್ತೆ ಓದು.

ನಿನ್ನ ಕಾಗದವನ್ನು ಪಾವ್ಲಾ ಓದಿದಳು. ಮೂರು ದಿನ ಕೋಪದಲ್ಲಿ ನನಗೆ ಊಟ ಸೇರಲಿಲ್ಲ. ನೀನು ೧೯೫೧ರಲ್ಲಿ ಬರೆದದ್ದಕ್ಕಲ್ಲ, ಈಗ ಬರೆದದ್ದಕ್ಕೆ.

ನೀನು ಹೇಳಿದೆ ಅಂತ ನಾನು ಹಾಕಿದೆನಾ? ನೀನು ಯಾರು ನನಗೆ ಹೇಳಲಿಕ್ಕೆ? ನೀನು ಆಗ ಮೂಗು ಸೋರುವ ಪೇಟೆಯ ಹುಡುಗಿ, ನೀರಲ್ಲಿ ನಡೆದು ಕಾಲು ನೀಲಿಯಾಗಿ ನನ್ನ ಒಲೆಯ ಮುಂದೆ ಅಳುತ್ತಿದ್ದೆ. ಆ ಮನೆ ನನ್ನದು. ಆ ಹಗ್ಗ ನನ್ನದು. ನಾನು ರಸ್ತೆ ನೋಡಿದೆ. ಬಯಲಿನ ಆಚೆ ರಸ್ತೆ ಕಾಣುತ್ತದೆ, ರಸ್ತೆಗೆ ನಮ್ಮ ಅಂಗಳವೂ ಕಾಣುತ್ತದೆ, ಇದು ನನಗೆ ನಿನಗಿಂತ ಚೆನ್ನಾಗಿ ಗೊತ್ತು. ಬುಟ್ಟಿಯಲ್ಲಿ ನೀನು ತಂದ ಪಟ್ಟಿಗಳ ಕೀವು ನನ್ನ ಬೆರಳುಗಳ ಸಂದಿಯಲ್ಲಿತ್ತು. ಇವತ್ತು ಒಣಗದಿದ್ದರೆ ಮೇಲಿನ ಹುಡುಗರು ಸಾಯುತ್ತಾರೆ, ಹೊರಗೆ ಹಾಕಿದರೆ ಯಾರಾದರೂ ಬರಬಹುದು. ಎರಡನ್ನೂ ತೂಗಿದೆ. ತೂಗಿ ಹಾಕಿದೆ. ಬಂದರು. ತ್ಸಿರಿಲ್ ಮತ್ತು ವೀಕ್ತೋರ್ ಸತ್ತರು. ನಾನು ಹಾಕಿದ್ದರಿಂದ ಸತ್ತರು.

ಊರವರು ಕಣ್ಣಿಲ್ಲದವಳು ಅಂದರು. ಸಹಿಸಿದೆ, ಯಾಕೆಂದರೆ ಕಣ್ಣಿದ್ದೇ ಮಾಡಿದೆ ಅಂತ ತೊಂಚ್ಕಾಗೆ ಹೇಳುವ ಧೈರ್ಯ ನನಗಿರಲಿಲ್ಲ. ಅದೇ ನನ್ನ ತಪ್ಪು. ಬೇರೆ ಯಾವುದೂ ಅಲ್ಲ. ಈಗ ನೀನು, ನನ್ನ ಮಗಳು, ಆ ಸಂಗ್ರಹಾಲಯದ ಹುಡುಗ ಮೂವರೂ ಸೇರಿ ಅದನ್ನೂ ನನ್ನಿಂದ ಕಿತ್ತುಕೊಂಡು, ಹೇಳಿದ ಹಾಗೆ ಕೇಳಿದ ಪಾಪದ ಮುದುಕಿ ಅಂತ ಗೋಡೆಗೆ ಮೊಳೆ ಹೊಡೆಯುತ್ತೀರಿ. ಅಜಾಗರೂಕಳು ಅನ್ನಿಸಿಕೊಂಡು ಬದುಕಿದೆ. ನಿರಪರಾಧಿ ಅನ್ನಿಸಿಕೊಂಡು ಸಾಯಲಾರೆ.

ನಿನ್ನೆ ತೊಂಚ್ಕಾಳ ಮನೆಗೆ ಹೋದೆ. ಐವತ್ತೆರಡು ವರ್ಷ ಆದ ಮೇಲೆ. ಬೇಲಿ ದಾಟಲು ಪಾವ್ಲಾಳ ಕೈ ಬೇಡ ಅಂತ ಒಬ್ಬಳೇ ಹೋದೆ. ಬಾಗಿಲಲ್ಲೇ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಇಷ್ಟು ವರ್ಷ ನಿನ್ನ ದಡ್ಡಿ ಅಂತ ಬೈದೆ. ಈಗ ಗೊತ್ತಿದ್ದೇ ಮಾಡ್ದೆ ಅಂತೀಯ. ಯಾವುದಕ್ಕೇ ಜಾಸ್ತಿ ಬೈಲಿ ನಿಂಗೆ?" ಅಂದಳು.

"ಎರಡಕ್ಕೂ ಬೈಯೇ" ಅಂದೆ.

"ನನ್ನ ಗಂಡನ್ನ ತೂಕಕ್ಕೆ ಹಾಕ್ದೋಳು ನೀನು."

"ಹೌದು ಕಣೇ. ಹಾಕಿದೆ."

ಬಾಗಿಲು ನನ್ನ ಮುಖಕ್ಕೆ ಹಾಕಿಕೊಂಡಳು. ಇವತ್ತು ಬೆಳಿಗ್ಗೆ ಬೇಲಿಯ ಹತ್ತಿರ ಬಂದು ನಿಂತು ಕೂಗಿ ಕೂಗಿ ಬೈದಳು. ಅರ್ಧ ಗಂಟೆ ಬೈದಿರಬೇಕು. ನಡುವೆ ಉಸಿರು ಸಿಕ್ಕಿಕೊಂಡಾಗ, "ಅವನು ಬಯಲಿಗೆ ಓಡಿದ್ದು ನಿಜಾನಾ?" ಅಂತ ಕೇಳಿದಳು. ನಿಜ, ನನ್ನ ಕಣ್ಣಾರೆ ನೋಡಿದ್ದೇನೆ, ನಿನ್ನ ಗಂಡ ಮುಂದೆ, ವೀಕ್ತೋರ್ ಹಿಂದೆ, ಅಂದೆ. ಆಮೇಲೆ ಮತ್ತೆ ಬೈದಳು. ನಾಳೆಯೂ ಬರುತ್ತಾಳೆ.

ನೀನು ಆ ಹುಡುಗನಿಗೆ ಬರೆ. ನನ್ನ ಮಗಳು ಬರೆದುಕೊಟ್ಟ ಮಾತು ಬೇಡ. ತ್ಸಿರಿಲ್ ರೇಯೆತ್ಸ್, ವೀಕ್ತೋರ್ ಓಬಿದ್ ಅಂತ ಅವರ ಹೆಸರು ಪೂರ್ತಿ ಹಾಕಲಿ, ಬಯಲಿಗೆ ಯಾಕೆ ಓಡಿದರು ಅಂತ ಹಾಕಲಿ. ಮೂವರು ಕೊಳೆತು ಸತ್ತದ್ದನ್ನು, ಹನ್ನೊಂದು ಜನ ಬದುಕಿದ್ದನ್ನು ಹಾಕಲಿ. ದಾದಿ ಕೇಳಿದಳು ಅಂತ ನಿನ್ನ ಹೆಸರೂ ಹಾಕಲಿ, ನೀನು ತಪ್ಪಿಸಿಕೊಳ್ಳಬೇಡ. ಅದರ ಕೆಳಗೆ, ಪಟ್ಟಿಗಳನ್ನು ಬಿಸಿಲಿಗೆ ಹಾಕಿದವಳು ಯುಸ್ತಿನಾ ಮಾಕುತ್ಸ್, ರಸ್ತೆ ನೋಡಿಯೇ ಹಾಕಿದಳು, ಅಂತ ದಪ್ಪ ಅಕ್ಷರದಲ್ಲಿ ಹಾಕಲಿ.

ಬೇಗ ಹಾಕಲಿ. ನಾನು ಬದುಕಿರುವಾಗಲೇ ಹಾಕಲಿ. ಹನ್ನೆರಡಕ್ಕೆ ನಾನು ಬಂದು ಆ ಹಲಗೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಯಾರಿಗಾದರೂ ಉಗುಳುವುದಿದ್ದರೆ ನನ್ನ ಮುಖ ನೋಡಿ ಉಗುಳಲಿ.

ಯುಸ್ತಿನಾ ಮಾಕುತ್ಸ್